ಎರಡು ದೇಶದ ನೀರು, ಒಂದು ಹಿಡಿ ಬ್ಯಾಳಿ

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಮಿರ್ಚಿ ಬಂಡಿ. ಬಂಡಿ ಮುಂದೆ ಒಂದು ಬೆಂಚು. ಅದರ ಮೇಲೆ ಕುಂತವರು ಮಿರ್ಚಿ ತಿಂದು ಸುಮ್ಮನೆ ಎದ್ದು ಹೋದದ್ದು ನಾನು ನೋಡಿಲ್ಲ. ನಗುವಂಥದ್ದು ಏನಾದರೂ ಮಾಡಿಯೇ ಹೋಗುತ್ತಾರೆ. ಮೊದಲೆಲ್ಲ ಮನಿಗೆ ಹೋಗಿ ಅದನ್ನು ಹೆಂಡತಿಗೆ ಹೇಳುತ್ತಿದ್ದೆ. ಹೋದ ವರ್ಷ ಆಕೆ ತೀರಿಕೊಂಡಳು. ಈಗ ಹೇಳುವುದು ಯಾರಿಗೆ? ಅದಕ್ಕೆ ಬರೆಯುತ್ತಿದ್ದೇನೆ. ಓದಿದ್ದು ನಾಕನೇ ಕ್ಲಾಸು. ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿರಿ.

ಈ ಸಲದ್ದೆಲ್ಲ ನನ್ನ ಮಗಳ ದೆಸೆಯಿಂದ ಆದದ್ದು. ಒಬ್ಬಳೇ ಮಗಳು. ಹಡಗಲಿಗೆ ಕೊಟ್ಟಿದ್ದೇವೆ. ಅಳಿಯ ಏಸಿ ರಿಪೇರಿ ಮಾಡುತ್ತಾನೆ. ಅವನಿಗೆ ಎರಡು ಕಡೆಯಿಂದ ಕೆಲಸ ಬಂತು. ಒಂದು ದೋಹಾ, ಇನ್ನೊಂದು ಮಸ್ಕತ್. ಪಗಾರ ಹೆಚ್ಚುಕಮ್ಮಿ ಒಂದೇ. ಎರಡೂ ಕಡೆ ಹೆಂಡತಿಯನ್ನು ಕರೆದುಕೊಂಡು ಹೋಗಬಹುದು. ತಿಂಗಳೊಳಗೆ ಯಾವುದಾದರೂ ಒಂದು ಹೇಳಬೇಕು.

ಮಗಳು ಫೋನ್ ಮಾಡಿದಳು. "ಅಪ್ಪಾ, ಅವ್ವ ಇದ್ದಿದ್ರ ಆಕಿ ಹೇಳ್ತಿದ್ಲು. ಈಗ ನೀನ ಹೇಳು. ಎಲ್ಲಿ ಹೋದ್ರ ಚಲೋ ಬದುಕ್ತೀವಿ?"

ನಾನು ಹೊಸಪೇಟೆ ದಾಟಿದವನಲ್ಲ. ಬೆಂಚಿನವರನ್ನು ಕೇಳಿದೆ.

ಕಟಿಂಗ್

ಬೆಂಚಿನ ಮೇಲೆ ಇಬ್ಬರು ಆ ಊರುಗಳನ್ನು ಬಲ್ಲವರು. ಒಬ್ಬ ನಮ್ಮ ಓಣಿಯ ಮೆಕ್ಯಾನಿಕ್ ಸಾಬ. ದೋಹಾದಲ್ಲಿ ಗ್ಯಾರೇಜಿನಲ್ಲಿ ಇದ್ದು ಬಂದವನು. ಇನ್ನೊಬ್ಬ ಉಜ್ಜಿನಿ ಕಡೆಯ ಕುರಿ ಕಾಯುವ ಮನೆತನದವನು. ಮಸ್ಕತ್ತಿನಲ್ಲಿ ಲಾರಿ ಹೊಡೆದು ಬಂದವನು. ಇಬ್ಬರನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದೋಹಾ, ಮಸ್ಕತ್ ಅಷ್ಟೇ.

"ದೋಹಾದಾಗ ಎಲ್ಲಾ ತುಟ್ಟಿ ಅಣ್ಣ," ಅಂದ ಮಸ್ಕತ್. "ಅಲ್ಲಿ ಒಂದು ಕಟಿಂಗ್ ಮಾಡಿಸೋ ರೊಕ್ಕದಾಗ ಇಲ್ಲಿ ಓಣಿ ಮಂದೀನೆಲ್ಲ ಕುಂದ್ರಿಸಿ ಬೋಳಿಸಬಹುದು."

"ನಿನ್ನ ಮಸ್ಕತ್ತಿನಾಗ ಪುಕ್ಕಟ ಮಾಡ್ತಾರೇನಲೇ?" ಅಂದ ದೋಹಾ.

"ಪುಕ್ಕಟ ಅಲ್ಲ. ಭಾಳ ಕಮ್ಮಿ."

"ನೀ ಎಷ್ಟು ಕೊಡ್ತಿದ್ದಿ, ಹೇಳು ನೋಡೋಣ."

ಮಸ್ಕತ್ ತಲೆ ಮೇಲಿನ ಟವೆಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. ದೋಹಾ ಅದನ್ನು ಕಿತ್ತ. ಮದುವೆಗೆ ಮೊದಲೇ ಆ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

ಹುಲ್ಲು

ಬಾಡಿಗೆ, ತರಕಾರಿ, ಪೆಟ್ರೋಲು, ದವಾಖಾನಿ. ಒಂದು ಕಡೆ ಇದು ಕಮ್ಮಿ, ಇನ್ನೊಂದು ಕಡೆ ಅದು ಕಮ್ಮಿ. ನನ್ನ ತಲೆ ತಿರುಗಿತು. "ರೊಕ್ಕದ ಮಾತು ಬಿಡ್ರಿ. ಬದುಕು ಹೆಂಗೈತಿ, ಅದು ಹೇಳ್ರಿ," ಅಂದೆ.

"ದೋಹಾದಾಗ ಕರೆಂಟ್ ಹೋಗಾದ ಇಲ್ಲ ಕಾಕಾ," ಅಂದ ದೋಹಾ.

"ಹಂಗಾದ್ರ ಬ್ಯಾಸಿಗ್ಯಾಗ ಮಂದಿ ಹೊರಗ ಬಂದು ಕಟ್ಟಿಮ್ಯಾಲ ಮಾತಾಡಾದು ಯಾವಾಗ?" ಅಂತ ಕೇಳಿದೆ. ಅವನು ಇನ್ನೊಂದು ಮಿರ್ಚಿಗೆ ಕೈ ಹಾಕಿದ.

ಮಸ್ಕತ್ ಮಿರ್ಚಿ ಕೆಳಗಿಟ್ಟು ಉಸಿರು ಬಿಟ್ಟ. "ಮಸ್ಕತ್ತಿನಾಗ ರಸ್ತೆ ನಡುವ ಹುಲ್ಲು ಬೆಳಸ್ಯಾರ ಅಣ್ಣ. ಪೈಪ್ ಹಾಕಿ, ನೀರು ಬಿಟ್ಟು. ಹಸರು ಅಂದ್ರ ಹಸರು. ಲಾರಿ ಎಷ್ಟು ದೂರ ಹೋದ್ರೂ ಹುಲ್ಲು. ಒಂದಾರ ಕುರಿ ಐತೇನು? ಇಲ್ಲ! ಮಷಿನಿನಿಂದ ಕತ್ತರಿಸಿ ಚೀಲದಾಗ ತುಂಬಿ ಒಯ್ತಾರ. ನೋಡಿ ನೋಡಿ ನನಗ ನಿದ್ದಿ ಬರ್ತಿದ್ದಿಲ್ಲ."

ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು.

"ಅದಿರಲಿ. ಊರು ಚಲೋ ಐತೋ ಇಲ್ಲೋ?"

"ಮನುಷ್ಯಾರಿಗೆ ಭಾಳ ಚಲೋ ಐತಿ," ಅಂದ. "ಕುರಿಗೆ ಅನ್ಯಾಯ."

ಹೆಂಡತಿಯ ಪರೀಕ್ಷೆ

ಹೆಂಡತಿ ಇದ್ದಿದ್ದರೆ ಏನು ಕೇಳುತ್ತಿದ್ದಳು ಅಂತ ಯೋಚಿಸಿದೆ. ತಟ್ಟನೆ ಹೊಳೆಯಿತು. ಆಕೆ ಕೇಳುತ್ತಿದ್ದದ್ದು ಒಂದೇ. "ಆ ಊರ ನೀರಿಗೆ ಬ್ಯಾಳಿ ಬೇಯತೈತಾ?"

ನಮ್ಮ ಕಡೆ ಬೋರಿನ ನೀರು ಗಡಸು. ಎಷ್ಟು ಕುದಿಸಿದರೂ ತೊಗರಿ ಬ್ಯಾಳಿ ಕಲ್ಲಿನ ಹಾಗೆ ಇರುತ್ತದೆ. ಮದುವೆಯಾಗಿ ಬಂದಾಗಿನಿಂದ ಆಕೆ ಆ ನೀರಿನ ಜೊತೆ ಗುದ್ದಾಡಿದ್ದಳು. ಮಗಳಿಗೆ ಅದು ಬೇಡ ಅಂತ ಹಟ. ವರ ನೋಡಲು ಹೋದಾಗ ಬಾಟಲಿ ಒಯ್ಯುತ್ತಿದ್ದಳು. ವರನ ಮನಿಯ ನೀರು ತುಂಬಿಸಿಕೊಂಡು ಬಂದು, ಒಂದು ಹಿಡಿ ಬ್ಯಾಳಿ ಕುದಿಸಿ, ಆಮೇಲೆ ಮಾತು. ಕೂಡ್ಲಿಗಿ ಕಡೆಯ ಹುಡುಗನಿಗೆ ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು. ಬ್ಯಾಳಿ ಬೇಯಲಿಲ್ಲ. ಬೇಡ ಅಂದಳು.

ಹರಪನಹಳ್ಳಿ ಕಡೆಯವರಿಗೆ ಈ ಸುದ್ದಿ ಮುಟ್ಟಿತ್ತು. ಅವರೇ ಬಾಟಲಿ ತುಂಬಿಸಿ ಕಳಿಸಿದರು. ಬ್ಯಾಳಿ ಬೆಣ್ಣೆಯ ಹಾಗೆ ಕರಗಿತು. ನನಗೆ ಸಂತೋಷ. ಆಕೆ ಪಾತ್ರೆ ತೊಳೆದು, ತಳಕ್ಕೆ ಬೆರಳಾಡಿಸಿ ನೋಡಿದಳು. ಬಿಳಿ ಪೊರೆ ಒಂದಿಷ್ಟೂ ಇಲ್ಲ.

"ಇದು ಅವರ ಮನಿ ನೀರಲ್ಲ. ಫಿಲ್ಟರ್ ನೀರು. ನೀರಿಗೇ ಸುಳ್ಳು ಹೇಳಾರು, ನಾಳೆ ನನ್ನ ಮಗಳಿಗೆ ಏನೇನು ಹೇಳ್ತಾರೋ."

ಅದೂ ಹೋಯಿತು. ಕೊನೆಗೆ ಹಡಗಲಿ. ಹೊಳೆ ನೀರು. ಬ್ಯಾಳಿ ಬೆಂತು, ತಳದಲ್ಲಿ ತೆಳ್ಳನೆ ಪೊರೆಯೂ ಸಿಕ್ಕಿತು. ಒಪ್ಪಿದಳು.

ಅಳಿಯ ಇವತ್ತಿಗೂ ಅನ್ನುತ್ತಾನೆ. "ನನ್ನ ನೋಡಿ ಹೆಣ್ಣು ಕೊಡಲಿಲ್ಲ. ನಮ್ಮ ಹೊಳಿ ನೋಡಿ ಕೊಟ್ರು."

ಕ್ಯಾನು

ಎರಡು ಊರಿನ ನೀರು ತರಿಸುವುದು ಅಂತಾಯಿತು. ಮಸ್ಕತ್ತಿನವನ ಭಾವಮೈದ ಅಲ್ಲಿಂದ ರಜಕ್ಕೆ ಬರುವವನಿದ್ದ. ಅವನಿಗೆ ಫೋನ್ ಹೋಯಿತು. ಪಾಪ, ಅವನು ಹೆಂಡತಿಗೆ ತರಬೇಕಿದ್ದ ಸಾಮಾನು ಬಿಟ್ಟು, ಅಷ್ಟೇ ತೂಕದ ನೀರಿನ ಕ್ಯಾನು ತುಂಬಿಸಿಕೊಂಡು ವಿಮಾನ ಹತ್ತಿದ.

ಬೆಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸ್ ಸಾಹೇಬರೊಬ್ಬರು ತಡೆದರು.

"ಏನಿದು?"

"ನೀರು ಸಾರ್."

ಮುಚ್ಚಳ ತೆಗೆದು ಮೂಸಿದರು. ಅಲ್ಲಾಡಿಸಿ ನೋಡಿದರು. "ಎಲ್ಲರೂ ಅಲ್ಲಿಂದ ಬಂಗಾರ ತರ್ತಾರೆ. ನೀನು ನೀರು ತಂದಿದೀಯ? ಯಾಕೆ?"

"ಬ್ಯಾಳಿ ಬೇಯತೈತೋ ಇಲ್ಲೋ ನೋಡಾಕ ಸಾರ್."

ಸಾಹೇಬರು ಅವನ ಮುಖವನ್ನೇ ನೋಡಿದರಂತೆ. ಆಮೇಲೆ ಕೇಳಿದರು. "ಯಾವೂರು?"

"ಕೊಟ್ಟೂರು ಕಡೆ ಸಾರ್."

"ನನ್ನ ಹೆಂಡ್ತಿ ತವರು ಹಗರಿಬೊಮ್ಮನಹಳ್ಳಿ. ಅಲ್ಲೂ ಇದೇ ಗಡಸು ನೀರು," ಅಂದರು ಸಾಹೇಬರು. "ಹೋಗು. ಬೆಂತೋ ಇಲ್ಲೋ ಆಮೇಲೆ ತಿಳಿಸು."

ಅಮ್ಮಿ

ದೋಹಾದ ನೀರು ತಂದವನು ಮೆಕ್ಯಾನಿಕ್ಕನ ತಮ್ಮ. ಕ್ಯಾನನ್ನು ಮನಿಯಲ್ಲಿಟ್ಟು ನೆಂಟರ ಊರಿಗೆ ಹೋದ. ಯಾರಿಗೂ ಹೇಳಲಿಲ್ಲ.

ಅವರ ತಾಯಿ, ನಾವೆಲ್ಲ ಅಮ್ಮಿ ಅನ್ನುತ್ತೇವೆ, ಕ್ಯಾನು ನೋಡಿದರು. ಮಗ ಅರಬ್ಬರ ದೇಶದಿಂದ ನೀರು ತಂದಿದ್ದಾನೆ. ಅಂದರೆ ಮೆಕ್ಕಾದ ಪವಿತ್ರ ಜಮ್‌ಜಮ್ ನೀರೇ ಇರಬೇಕು. ತಲೆ ಮೇಲೆ ಸೆರಗು ಹೊದ್ದು, ದುವಾ ಮಾಡಿ, ದಿನಾ ಒಂದು ಲೋಟ ಕುಡಿದರು. ಓಣಿಯ ಹೆಣ್ಣುಮಕ್ಕಳಿಗೂ ಒಂದೊಂದು ಗುಟುಕು ಕೊಟ್ಟರು. ನಮ್ಮ ಓಣಿಯ ಗೌಡ್ರ ಅಜ್ಜಿಯೂ ಇಸಗೊಂಡು ಹೋಗಿ ದೇವರ ಮುಂದೆ ಇಟ್ಟಿದ್ದಳು.

ತಮ್ಮ ವಾಪಸು ಬಂದು ನೋಡುತ್ತಾನೆ, ಅರ್ಧ ಕ್ಯಾನು ಖಾಲಿ.

"ಅಮ್ಮಿ! ಅದು ನಳದ ನೀರು! ಮಿರ್ಚಿ ಕಾಕಾನ ಬ್ಯಾಳಿಗೆ ತಂದಿದ್ದು!"

ಅಮ್ಮಿ ಗಡಬಡಿಸಲಿಲ್ಲ. ಎದ್ದು ನಿಂತು, ಕೂತು, ಮತ್ತೆ ಎದ್ದು ತೋರಿಸಿದರು. "ನೋಡು, ಮಣಕಾಲು ನೋವು ಹೋಗೇತಿ. ನೀರು ನಳದ್ದ ಇರಲಿ. ದುವಾ ನಂದು."

ಉಪ್ಪು

ಭಾನುವಾರ ಬಂಡಿ ಬಂದ್ ಮಾಡಿದೆ. ಹಡಗಲಿಯಿಂದ ಮಗಳು ಅಳಿಯ ಬಂದರು. ದೋಹಾ, ಮಸ್ಕತ್, ಅಮ್ಮಿ ಎಲ್ಲರೂ ನಮ್ಮ ಮನಿ ಅಂಗಳದಲ್ಲಿ. ಎರಡು ಒಲೆ, ಎರಡು ಪಾತ್ರೆ, ಎರಡಕ್ಕೂ ಅಳತೆ ಮಾಡಿ ಅಷ್ಟಷ್ಟೇ ಬ್ಯಾಳಿ. ಮಗಳು ಏಳಲು ಹೋದಳು. "ನೀ ಕುಂದ್ರವ್ವ. ನಾನ ಮಾಡ್ತೀನಿ," ಅಂದೆ. ಮಿರ್ಚಿ ಕರಿಯುವುದು ಬಿಟ್ಟರೆ ಅಡಿಗೆ ನನಗೆ ಬಾರದು. ಆದರೆ ಆಕೆಯ ಪರೀಕ್ಷೆ. ಆಕೆಯ ಜಾಗದಲ್ಲಿ ನಾನು ನಿಲ್ಲಬೇಕು ಅನ್ನಿಸಿತು.

ನೀರು ಹಾಕುವಾಗ ದೋಹಾ ಹೇಳಿದ. "ಅಲ್ಲಿ ಬೋರೂ ಇಲ್ಲ, ಹೊಳಿನೂ ಇಲ್ಲ ಕಾಕಾ. ಎರಡೂ ಊರಾಗ ಮಂದಿ ಕುಡಿಯಾದು ಸಮುದ್ರದ ನೀರ." ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಅಮ್ಮಿ ಚಹಾ ಕೇಳಿದರು. ನಾನು ಕೈಯಲ್ಲಿದ್ದ ಡಬ್ಬಿಯನ್ನು ಹಾಗೇ ಮೇಲಿಟ್ಟೆ.

ಎರಡೂ ಬೆಂದವು. ಒಂದೇ ಸಲ, ಒಂದೇ ಸಮ. ಹಿಸುಕಿದರೆ ಎರಡೂ ಬೆಣ್ಣೆ. ಯಾವುದು ಹೆಚ್ಚು ಅಂತ ಹೇಳುವ ಹಾಗೇ ಇಲ್ಲ. ಇರಲಿ, ಬೆಂದ ಬ್ಯಾಳಿ ಚೆಲ್ಲಬಾರದು ಅಂತ ಅನ್ನ ಹಾಕಿ ಎಲ್ಲರಿಗೂ ಬಡಿಸಿದೆ.

ಎಲ್ಲರೂ ತಲೆ ತಗ್ಗಿಸಿ ಉಂಡರು. ಅಮ್ಮಿ ಉಪ್ಪಿನಕಾಯಿಯನ್ನು ಸ್ವಲ್ಪ ಜಾಸ್ತಿಯೇ ಹಾಕಿಸಿಕೊಂಡರು. "ಭಾಳ ರುಚಿ ಆಗೇತಿ ಕಾಕಾ," ಅಂದ ದೋಹಾ. "ಇನ್ನೊಂದೀಟು ಹಾಕು ಅಣ್ಣ," ಅಂದ ಮಸ್ಕತ್. ನನಗೆ ಎದೆ ತುಂಬಿ ಬಂತು.

ಮಗಳು ಒಂದು ತುತ್ತು ಬಾಯಿಗಿಟ್ಟು ನನ್ನನ್ನು ನೋಡಿದಳು.

"ಅಪ್ಪಾ, ಉಪ್ಪು?"

"ಯಾಕವ್ವ? ಸಮುದ್ರದ ನೀರಲ್ಲೇನು ಅದು?"

"ಅಯ್ಯೋ ಕಾಕಾ," ಅಂದ ದೋಹಾ. "ಉಪ್ಪು ತೆಗದು ಕೊಡ್ತಾರ ಅಲ್ಲಿ!"

ಮಗಳು ಹಣೆಗೆ ಕೈ ಹಚ್ಚಿಕೊಂಡಳು. ಮೊದಲು ದನಿ ಇಲ್ಲ, ಮೈ ಮಾತ್ರ ಕುಲುಕಿತು. ಆಮೇಲೆ ಜೋರಾಗಿ ನಕ್ಕಳು. ಅವರವ್ವ ನಗುತ್ತಿದ್ದದ್ದು ಹೀಗೆಯೇ. ಅವರವ್ವ ಹೋದ ಮೇಲೆ ಈ ಅಂಗಳದಲ್ಲಿ ಅಂಥ ನಗೆ ಕೇಳಿರಲಿಲ್ಲ. ನಾನು ನಗಲಿಲ್ಲ. ಕೇಳುತ್ತಾ ನಿಂತೆ.

"ನೀವ್ಯಾಕ ಹೇಳಲಿಲ್ಲಲೇ?" ಅಂದೆ.

"ನೀ ದುಃಖದಾಗ ಅದಿ ಅಂತ ಸುಮ್ನ ಉಂಡ್ವಿ ಅಣ್ಣ," ಅಂದ ಮಸ್ಕತ್.

"ಮತ್ತ ಎರಡನೇ ಸಲ ಯಾಕ ಹಾಕಿಸಿಕೊಂಡಿ?"

"ನೀ ನನ್ನ ತಾಟನ್ನ ನೋಡಾಕತ್ತಿದ್ದಿ."

ಇಂಥವರು ನನಗೆ ಸಿಕ್ಕಿದ್ದಾರೆ. ಆಕೆ ಹೋದ ಮೇಲೂ ದೇವರು ನನ್ನ ತಾಟು ಖಾಲಿ ಇಟ್ಟಿಲ್ಲ.

ಬ್ಯಾಳಿಯಂತೂ ತೀರ್ಪು ಕೊಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅಮ್ಮಿ ಕೈ ತೊಳೆದುಕೊಂಡು ಮಂಚದಿಂದ ಎದ್ದರು. "ಬ್ಯಾಳಿ ಎರಡರಾಗೂ ಬೆಂತು. ಮಸ್ಕತ್ತಿನ ನೀರಿಗೆ ಮಣಕಾಲು ನೋವು ಹೋಗತೈತೇನು? ಯಾರಾರ ನೋಡೀರೇನು?"

ಯಾರೂ ನೋಡಿರಲಿಲ್ಲ. ದೋಹಾ ಅಂತ ಆಯಿತು.

ಮಗಳು ಹದಿನೈದು ದಿನ ಇದ್ದು, ನನಗೆ ಬ್ಯಾಳಿ ಮಾಡುವುದನ್ನು ಕಲಿಸಿ ಹೋದಳು. ಈಗ ದೋಹಾದಿಂದ ದಿನಾ ಸಂಜೆ ಫೋನ್ ಮಾಡುತ್ತಾಳೆ. ಬಾಡಿಗೆಯ ಮಾತಿಲ್ಲ, ತರಕಾರಿ ರೇಟಿನ ಮಾತಿಲ್ಲ. ಮೊದಲ ಮಾತೇ, "ಅಪ್ಪಾ, ಉಪ್ಪು ಹಾಕಿದಿ?"

"ಹಾಕೀನವ್ವ."

ಮೊನ್ನೆ ಅಳಿಯ ಫೋನ್ ಇಸಗೊಂಡ. ದನಿ ಸಣ್ಣದು ಮಾಡಿ ಹೇಳಿದ. "ಮಾವಾ, ದಿನಾ ನಿಮಗ ಕೇಳಿಕೋಂತ ಕುಂತು ಈಕಿ ಇಲ್ಲಿ ಹಾಕಾದು ಮರೀತಾಳ. ಒಂದು ವಾರದಿಂದ ನಾನೂ ಭಾಳ ರುಚಿ ಅಂತ ಉಣ್ಣಾಕತ್ತೀನಿ."