ಬಜೆಟ್ಟಿನಲ್ಲಿ ನಮ್ಮ ಮಾವು ಬಂದ ವರ್ಷ

ನಾನು ಹಿರೇಕೆರೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಈ ಒಂದೇ ಕಾರಣಕ್ಕೆ ಸರ್ಕಾರದ ಬಜೆಟ್ಟು ನನಗೆ ಅರ್ಥವಾಗುತ್ತದೆ ಎಂದು ಸುತ್ತಲಿನ ಜನ ನಂಬಿಬಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಸೊನ್ನೆಗಳು ಒಂದು ಮಿತಿ ದಾಟಿದ ಮೇಲೆ ನನ್ನ ಕಣ್ಣಿಗೆ ಅವು ಸಂಖ್ಯೆಯಾಗಿ ಕಾಣುವುದೇ ಇಲ್ಲ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟ ಕೋಡಬಳೆಯಂತೆ ಕಾಣುತ್ತವೆ. ಆದರೆ ಬಜೆಟ್ಟಿನ ಮರುದಿನ ಸ್ಟಾಫ್ ರೂಮಿನಲ್ಲಿ ಯಾರಾದರೂ "ಸರ್, ಈ ಸಲ ರೈತರಿಗೆ ಏನೈತ್ರಿ?" ಎಂದು ಕೇಳಿದರೆ ಸುಮ್ಮನಿರಲು ಆಗುತ್ತದೆಯೇ? ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, "ಕೃಷಿಗೆ ಒತ್ತು ಕೊಟ್ಟಾರ. ಆದ್ರ ಅನುಷ್ಠಾನ ಹೆಂಗ ಆಗತೈತಿ ಅನ್ನೋದನ್ನ ನೋಡಬೇಕ್ರಿ" ಎನ್ನುತ್ತೇನೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಈ ವಾಕ್ಯದ ಗುಣವೇನೆಂದರೆ, ಅದು ಯಾವ ಸರ್ಕಾರದ ಯಾವ ವರ್ಷದ ಬಜೆಟ್ಟಿಗೂ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ.

ಬಜೆಟ್ಟಿನ ಬಗ್ಗೆ ನಿಜವಾದ ಭಕ್ತಿ ಇದ್ದದ್ದು ನಮ್ಮಪ್ಪನಿಗೆ. ನಮ್ಮೂರು ಹಾನಗಲ್ಲ ತಾಲೂಕಿನಲ್ಲಿ, ಆಡೂರಿನ ಕಡೆ. ನಾನು ಚಿಕ್ಕವನಿದ್ದಾಗ ಬಜೆಟ್ಟಿನ ದಿನ ನಮ್ಮ ಮನೆಯಲ್ಲಿ ಅರ್ಧ ಹಬ್ಬದ ಕಳೆ ಇರುತ್ತಿತ್ತು. ಅಪ್ಪ ಬೆಳಿಗ್ಗೆಯೇ ಎತ್ತುಗಳಿಗೆ ನೀರು ಕುಡಿಸಿ, ಮೈ ತೊಳೆದುಕೊಂಡು, ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ರೇಡಿಯೋವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಓಣಿಯ ನಾಲ್ಕು ಜನ ಬಂದು ಸೇರುತ್ತಿದ್ದರು. ಅವ್ವ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಮೊರದಲ್ಲಿ ತಂದು ನಡುವೆ ಇಡುತ್ತಿದ್ದಳು. ರೇಡಿಯೋ ಒಳಗಿನ ದೊಡ್ಡ ಮನುಷ್ಯರು "ರೈತರ ಆದಾಯವನ್ನು ಹೆಚ್ಚಿಸಲು" ಎಂದು ಶುರು ಮಾಡಿದ ಕೂಡಲೇ ಮಂಡಕ್ಕಿ ಅಗಿಯುವ ಸದ್ದು ನಿಲ್ಲುತ್ತಿತ್ತು. ಆ ವಾಕ್ಯ ಮುಗಿಯುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು.

ಎಲ್ಲ ಮುಗಿದ ಮೇಲೆ ದೊಡ್ಡ ಚರ್ಚೆ. ಸರ್ಕಾರ ಮೊದಲು ಯಾವುದಕ್ಕೆ ಹಣ ಹಾಕಬೇಕು ಎಂಬುದನ್ನು ನಮ್ಮ ಪಡಸಾಲೆಯಲ್ಲಿ ಪ್ರತಿವರ್ಷ ತೀರ್ಮಾನಿಸಲಾಗುತ್ತಿತ್ತು, ಸರ್ಕಾರಕ್ಕೆ ಮಾತ್ರ ತಿಳಿಯುತ್ತಿರಲಿಲ್ಲ. ಅಪ್ಪನದು ಒಂದೇ ಹಟ, ಮೊದಲು ಕೆರೆಯ ಹೂಳು. ಪಕ್ಕದ ಮನೆಯ ಕಾಕಾನದು ಕರೆಂಟು. ಅವ್ವ ಒಳಗಿನಿಂದಲೇ, "ಹೊಲಕ್ಕ ಹೋಗೋ ದಾರಿ ಮಾಡಸ್ರಿ ಮದಲ. ಬುತ್ತಿ ಹೊತ್ಕೊಂಡ ಆ ರಾಡ್ಯಾಗ ಜಾರಿ ಬೀಳಾಕಿ ನಾನು. ನೀವೇನ ಬೀಳತೀರಿ?" ಎಂದು ತನ್ನ ಬೇಡಿಕೆ ಮಂಡಿಸುತ್ತಿದ್ದಳು. ಕೊನೆಗೆ ಮೊರ ಎತ್ತಿಕೊಂಡು ಹೋಗಲು ಬಂದಾಗ ಅವಳ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಅದರಾಗ ನಮ್ಮ ಮಾವಿನ ಸುದ್ದಿ ಏನರ ಬಂತೇನ್ರಿ?" ಅಪ್ಪ ರೇಡಿಯೋದ ಕಿವಿ ಹಿಂಡಿ, "ಇಲ್ಲ. ಬರೂ ವರ್ಷ ಬರ್ತೈತಿ" ಎನ್ನುತ್ತಿದ್ದರು.

ಮಾವು ಎಂದರೆ ನಮ್ಮ ಅಜ್ಜ ಹಚ್ಚಿದ ಆಪೂಸಿನ ತೋಪು. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಆ ಗಿಡಗಳು ಅವಳ ಎದೆಯೆತ್ತರ ಇದ್ದವಂತೆ. ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಅವ್ವ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ನನಗಿಂತ ಮುಂಚೆ ಅವು ಮನೆಗೆ ಬಂದದ್ದರಿಂದ ಮನೆಯಲ್ಲಿ ನನಗೆ ಎರಡನೆಯ ಸ್ಥಾನ. ಇದರ ಬಗ್ಗೆ ನಾನು ತಕರಾರು ಮಾಡಿದವನಲ್ಲ. ಗಿಡಗಳಂತೂ ಯಾವ ಪರೀಕ್ಷೆಯಲ್ಲೂ ನಪಾಸಾಗಿರಲಿಲ್ಲ.

ಆದರೆ ಕೆಲವು ವರ್ಷಗಳ ಹಿಂದೆ ಒಂದು ಹಂಗಾಮು ಬಹಳ ಕೆಟ್ಟದಾಗಿ ಬಂತು. ಕಾಯಿ ಬಲಿಯುವ ಹೊತ್ತಿಗೆ ಆಣೆಕಲ್ಲಿನ ಮಳೆ ಬಿತ್ತು. ಗಿಡ ಹೂವಿನಲ್ಲಿದ್ದಾಗಲೇ ಬಂದು ತೋಪು ಗುತ್ತಿಗೆ ಹಿಡಿದಿದ್ದ ವ್ಯಾಪಾರಿ ಫೋನು ಎತ್ತುವುದನ್ನು ಬಿಟ್ಟ. ಹಣ್ಣೆಲ್ಲ ಅಂಗಳದಲ್ಲಿ ರಾಶಿ ಬಿದ್ದು ಕೊಳೆಯಿತು. ಸುತ್ತಲಿನವರು ಆಗಲೇ ಮಾವು ಕಡಿದು ಅಡಿಕೆ ಹಚ್ಚಿದ್ದರು. ಗಿಡ ಮತ್ತೆ ಹೂ ಬಿಟ್ಟ ಹೊತ್ತಿಗೆ ಅಪ್ಪನೂ ಒಂದು ದಿನ ಹಾನಗಲ್ಲಿಗೆ ಹೋಗಿ ಕಟ್ಟಿಗೆ ವ್ಯಾಪಾರಿಗೆ ಮಾತು ಕೊಟ್ಟು ಬಂದರು. ಬಂದವರು ಅವ್ವನಿಗೆ ಹೇಳಿದರು. ಅವ್ವ ಅಂದಿನಿಂದ ಅವರ ಜೊತೆ ಮಾತು ಬಿಟ್ಟಳು.

ನನಗೆ ಹಿರೇಕೆರೂರಿಗೆ ಫೋನು ಬಂತು. ಶಾಲೆಗೆ ರಜೆ ಹಾಕಿ, ಹೆಂಡತಿ ಗಿರಿಜಾಳನ್ನು ಕರೆದುಕೊಂಡು ಊರಿಗೆ ಹೋದೆ. ಅಪ್ಪ ಅವ್ವ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿದ್ದರು. ನಡುವೆ ನನ್ನನ್ನು ಕೂರಿಸಿದರು. "ತಮ್ಮಾ, ಹೂ ಬಿಟ್ಟ ಗಿಡಕ್ಕ ಕೊಡ್ಲಿ ಹಾಕೋದು ಯಾವ ಧರ್ಮ ಅಂತ ಕೇಳು ನಿಮ್ಮಪ್ಪನ್ನ" ಎಂದಳು ಅವ್ವ. ಅಪ್ಪನ ಕಿವಿ ಚುರುಕಾಗಿಯೇ ಇತ್ತು. ಆದರೂ ನಾನು ಕೇಳುವವರೆಗೆ ಕಾದರು. "ಹಣ್ಣ ಕೊಳತು ನಾರುವಾಗ ಮೂಗ ಮುಚ್ಕೊಂಡಾಕಿ ಯಾರು ಅಂತ ಕೇಳು ನಿಮ್ಮವ್ವನ್ನ" ಎಂದರು. ನಾನು ಅದನ್ನೂ ಕೇಳಿದೆ. ಹೀಗೆ ಮೂರು ಮೊಳದ ಅಂತರದಲ್ಲಿ ಅಂಚೆ ಹಂಚುತ್ತ ನನಗೆ ಬಾಯಿ ಒಣಗಿತು. ಗಿರಿಜಾ ನೀರು ತಂದುಕೊಟ್ಟು, "ನಿಮ್ಮ ಅಭಿಪ್ರಾಯ ಏನ್ರಿ?" ಎಂದಳು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ನಾನು ಒಂದನ್ನು ತಯಾರು ಮಾಡಿಕೊಂಡು ಹೋಗಿರಲಿಲ್ಲ.

ಆ ದಿನವೇ ಬಜೆಟ್ಟು. ರೇಡಿಯೋ ಕಾಲ ಮುಗಿದು ಟಿವಿ ಬಂದಿತ್ತು. ಅಪ್ಪ ಸಿಟ್ಟಿನಲ್ಲಿದ್ದರೂ ನೇಮ ತಪ್ಪಿಸದೆ ಟಿವಿ ಹಚ್ಚಿದರು. ಓದುವವರು ಬಹಳ ಅವಸರದಲ್ಲಿದ್ದರು. ಸೊನ್ನೆಗಳು ಸರಸರ ಹರಿದು ಹೋಗುತ್ತಿದ್ದವು. ನಾನು ಅರ್ಥವಾದವನಂತೆ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಿರುವಾಗ ಶಿಗ್ಗಾಂವಿಯಿಂದ ನನ್ನ ಸೋದರಮಾವನ ಫೋನು. ಅವ್ವನ ತಮ್ಮನಾದ ಈ ಸೋಮಣ್ಣ ಮಾವ ಬಿಳಿ ಬಟ್ಟೆ ಬಿಟ್ಟು ಬೇರೆ ಹಾಕಿದವನಲ್ಲ. ಸಭೆ ಯಾರದ್ದೇ ಇರಲಿ, ಎರಡನೆಯ ಸಾಲಿನಲ್ಲಿ ಕೂತಿರುತ್ತಿದ್ದ. "ಅಳ್ಯಾ, ಮಾವ ಬಂತಪೋ, ಮಾವ!" ಎಂದು ಕಿರುಚಿದ. ನಾನು ಗಾಬರಿಯಾಗಿ, "ಯಾವ ಮಾವ ಬಂದ್ರು? ಎಲ್ಲಿಗೆ?" ಎಂದೆ. "ಏ ಹುಚ್ಚಾ, ಮಾವಿನ ಹಣ್ಣು! ಬಜೆಟ್‌ನ್ಯಾಗ! ಹಾನಗಲ್ಲಿಗೆ ಮಾವಿನ ಹಣ್ಣಿನ ಸಂಸ್ಕರಣಾ ಘಟಕ ಅಂತ ಈಗಷ್ಟ ಓದಿದ್ರು. ಗಣಿತ ಮಾಸ್ತರ ಆಗಿ ಅಷ್ಟೂ ಕೇಳಸಲಿಲ್ಲೇನ ನಿನಗ?"

ನಾನು ಸುದ್ದಿ ಹೇಳಿದೆ. ಅಪ್ಪ ಎದ್ದು ನಿಂತರು. ಒಳಗೆ ಹೋಗಿ, ಮಡಿಚಿಟ್ಟ ಧೋತರ ಉಟ್ಟು, ತಲೆಗೆ ಪಟಗ ಸುತ್ತಿಕೊಂಡು ಹೊರಬಂದು ಮತ್ತೆ ಟಿವಿ ಮುಂದೆ ಕೂತರು. ಅಷ್ಟು ವರ್ಷ ಕಿವಿಗೊಟ್ಟು ಕೇಳಿದ ಮೇಲೆ ಅತ್ತಲಿಂದ ನಮ್ಮ ತಾಲೂಕಿನ ಹೆಸರು ಬಂದಿತ್ತು. ಹಳೆ ಧೋತರದಲ್ಲಿ ಅದನ್ನು ಎದುರುಗೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ. ಮಧ್ಯಾಹ್ನ ಕಟ್ಟಿಗೆ ವ್ಯಾಪಾರಿ ಗಿಡ ನೋಡಲು ಬಂದ. ಅಪ್ಪ ಅವನನ್ನು ಕೂರಿಸಿ, ಚಹಾ ಕೊಡಿಸಿ, "ಸಾಹುಕಾರ್ರ, ತಪ್ಪ ತಿಳ್ಕೋಬ್ಯಾಡ್ರಿ. ಅಷ್ಟ ದೊಡ್ಡ ಸಭಾದಾಗ ನಮ್ಮ ಮಾವಿನ ಹೆಸರ ತಗೊಂಡಾರ. ಇವತ್ತ ಕೊಡ್ಲಿ ಹಾಕಿದ್ರ ಮರ್ಯಾದಿ ಉಳಿತೈತೇನ್ರಿ?" ಎಂದು ಕೈ ಮುಗಿದರು. ಅವನು ಚಹಾ ಕುಡಿದು, ಗಿಡಗಳನ್ನು ಒಮ್ಮೆ ಆಸೆಯಿಂದ ನೋಡಿ ಹೋದ. ಆ ಸಂಜೆ ಅವ್ವ ನೇರವಾಗಿ ಅಪ್ಪನನ್ನೇ, "ರೊಟ್ಟಿಗೆ ಎಣ್ಣಿಗಾಯಿ ಮಾಡ್ಲೇನ್ರಿ?" ಎಂದು ಕೇಳಿದಳು. ನಾನು ಮರುದಿನ ಶಾಲೆಗೆ ಹಾಜರಾದೆ.

ಸೋಮಣ್ಣ ಮಾವ ಆ ವಾರವೇ ಬಂದು, ಇದೆಲ್ಲ ತಾನು ಬೆಂಗಳೂರಿನಲ್ಲಿ ಯಾರದೋ ಕಿವಿಯಲ್ಲಿ ಹೇಳಿದ್ದರ ಫಲ ಎಂದು ಸಾರಿ, ಹೋಳಿಗೆ ಉಂಡು ಹೋದ. ಆಮೇಲೆ ನಾವು ಘಟಕದ ದಾರಿ ಕಾಯತೊಡಗಿದೆವು. ವಿಚಾರಿಸಿಕೊಂಡು ಬರುವ ಕೆಲಸ ನನ್ನದು. ರಜೆ ಸಿಕ್ಕಾಗಲೆಲ್ಲ ಒಂದು ಕಚೇರಿಗೆ ಹೋಗಿ ಕೇಳುತ್ತಿದ್ದೆ. ಒಮ್ಮೆ ಜಾಗ ನೋಡುತ್ತಿದ್ದಾರೆ ಎಂದರು. ಇನ್ನೊಮ್ಮೆ ನೋಡಿದ ಜಾಗ ಸರಿಯಿಲ್ಲ ಎಂದರು. ಮತ್ತೊಮ್ಮೆ, ಇದು ನಮ್ಮ ಇಲಾಖೆಯಲ್ಲ, ಪಕ್ಕದ ಬಾಗಿಲು ಎಂದರು. ಪಕ್ಕದ ಬಾಗಿಲಿನವರು ಬಹಳ ಮರ್ಯಾದೆಯಿಂದ, "ಕುಂದರ್ರಿ ಸರ್" ಎಂದು ಕುರ್ಚಿ ಕೊಟ್ಟು, ತಮ್ಮ ಮಗನಿಗೆ ಗಣಿತದಲ್ಲಿ ಯಾಕೆ ಮಾರ್ಕ್ಸ್ ಬರುತ್ತಿಲ್ಲ ಎಂದು ಕೇಳಿದರು. ಮುಂದಿನ ವರ್ಷದ ಬಜೆಟ್ಟಿನಲ್ಲಿ ಘಟಕದ ಸುದ್ದಿಯೇ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅವರು ಶಾಂತವಾಗಿ, "ಒಮ್ಮೆ ಹೇಳಿದ್ದನ್ನ ಮತ್ತ ಮತ್ತ ಹೇಳಾಕ ಅವರೇನ ನಿಮ್ಮವ್ವ ಏನ?" ಎಂದರು.

ಈ ನಡುವೆ ತೋಪಿನ ಚಹರೆ ಬದಲಾಗಿತ್ತು. ಘಟಕ ಬಂದಾಗ ನಮ್ಮ ಹಣ್ಣು ನಾಚಿಕೆಪಡಬಾರದೆಂದು ಅಪ್ಪ ಒಣ ಟೊಂಗೆ ಸವರಿಸಿದರು, ಬುಡಕ್ಕೆ ತಿಪ್ಪೆಗೊಬ್ಬರ ಹಾಕಿಸಿದರು. ಅವ್ವನದು ಇನ್ನೊಂದು ತಯಾರಿ. ಘಟಕದಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. "ಆಗ ಒಮ್ಮಿಗೇ ಕೈಗೆ ಕೆಲಸ ಕೊಟ್ರ ಬರಬೇಕಲ್ಲ, ರೂಢಿ ಇರಲಿ" ಎಂದು ಅವಳು ಹಣ್ಣಿನ ರಸ ತೆಗೆದು, ಸೀರೆಯ ಮೇಲೆ ಹರವಿ, ಬಿಸಿಲಿಗೆ ಒಣಗಿಸಿ ಹಪ್ಪಳ ಮಾಡತೊಡಗಿದಳು. ಹಲ್ಲು ಅರ್ಧ ಬಿದ್ದುಹೋಗಿದ್ದ ನಮ್ಮವ್ವ ನೌಕರಿಗೆ ತಯಾರಾಗುತ್ತಿದ್ದಳು! ರಜೆಯಲ್ಲಿ ಗಿರಿಜಾಳೂ ಕೈಜೋಡಿಸಿದಳು. ಓಣಿಯ ಹೆಂಗಸರ ಸಂಘದವರು ಬಂದು ಸೇರಿದರು. ಯಲವಿಗಿಯಲ್ಲಿರುವ ಗಿರಿಜಾಳ ತವರಿನವರು ಒಂದು ಗಂಟು ಒಯ್ದು, ಸವಣೂರಿನ ಸಂತೆಯಲ್ಲಿ ಮಾರಿ, ಇನ್ನೂ ಬೇಕೆಂದು ಹೇಳಿಕಳಿಸಿದರು. ವ್ಯಾಪಾರಿ ಬಾರದ ವರ್ಷವೂ ಹಣ್ಣು ಅಂಗಳದಲ್ಲಿ ಕೊಳೆಯುವುದು ನಿಂತಿತು. ಅವ್ವನಿಗೆ ಮಾತ್ರ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. "ತಮ್ಮಾ, ನನ್ನ ಅರ್ಜಿ ಹಾಕಿದೇನ?" ಎಂದು ಫೋನಿನಲ್ಲಿ ಕೇಳುತ್ತಲೇ ಇದ್ದಳು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಒಂದು ದಿನ, ತೋಪಿನಲ್ಲಿ ಹೊರಸಿನ ಮೇಲೆ ಮಲಗಿದ್ದವರು, "ಘಟಕ ಎಲ್ಲಿತನಕ ಬಂತಲೇ?" ಎಂದರು. "ಹಾದ್ಯಾಗೈತಿ ಅಪ್ಪಾ" ಎಂದೆ. ಅಪ್ಪ ನಕ್ಕರು. "ಬರ್ಲಿ ಬಿಡು, ಅವಸರ ಇಲ್ಲ. ಬಂದ್ಬಿಟ್ರ ನಿಮ್ಮವ್ವ ನೌಕರಿಗೆ ಹೋಗ್ತಾಳ. ನನಗ ರೊಟ್ಟಿ ಬಡಿಯೋರ್ಯಾರು?" ಎಂದರು. ಆಗ ನಾನೂ ನಕ್ಕೆ. ಅವರು ತೀರಿಕೊಂಡ ಮೇಲೆ ಬಂದ ಬಜೆಟ್ಟಿನ ದಿನ ನಾನೂ ಅವ್ವನೂ ಟಿವಿ ಮುಂದೆ ಕೂತಿದ್ದೆವು. ಇಬ್ಬರೂ ಕೇಳುತ್ತಿರಲಿಲ್ಲ. ಅವ್ವ ತಟ್ಟನೆ ಹೇಳಿದಳು: "ಆ ಘಟಕ ಬರಂಗಿಲ್ಲ ಅಂತ ನಿಮ್ಮಪ್ಪಗ ಮದಲ ಗೊತ್ತಿತ್ತು. ಕಡಿಯಾಕ ಮನಸ್ಸಿರಲಿಲ್ಲ. ಆ ಸಾಹುಕಾರಗ ಮಾತ ಕೊಟ್ಟ ಬಂದಿದ್ರು, ನನ್ನ ಮುಂದ ಹಟ ಹಿಡಿದಿದ್ರು. ಹಿಂದ ಸರಿಯಾಕ ಒಂದ ನೆಪ ಬೇಕಾಗಿತ್ತು." ಟಿವಿ ಕಡೆ ಕೈ ತೋರಿಸಿ, "ಪಾಪ, ಸರ್ಕಾರದವರು ಹೊತ್ತಿಗೆ ಸರಿಯಾಗಿ ಕೊಟ್ರು" ಎಂದಳು. ಸರ್ಕಾರದಿಂದ ನಮ್ಮ ಮನೆಗೆ ಹೊತ್ತಿಗೆ ಸರಿಯಾಗಿ ಬಂದದ್ದು ಅದೊಂದೇ.

ಈ ವರ್ಷ ಬಜೆಟ್ಟಿಗೆ ಮುಂಚೆ ಜಿಲ್ಲಾ ಕೇಂದ್ರದಲ್ಲಿ ಒಂದು ಸಭೆ ಇತ್ತು. ರೈತರಿಗಾಗಿ ಯಾವುದಕ್ಕೆ ಮೊದಲು ಹಣ ಇಡಬೇಕು ಎಂದು ಸಾರ್ವಜನಿಕರು ಹೇಳಬಹುದಿತ್ತು. ನಾನೂ ಹೋದೆ. ಒಬ್ಬರು ಗೋದಾಮು ಕೇಳಿದರು, ಒಬ್ಬರು ಬೆಲೆ, ಒಬ್ಬರು ನೀರು. ನನ್ನ ಪಾಳಿ ಬಂದಾಗ, ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತು, "ಹಾನಗಲ್ಲಿನ ಮಾವಿನ ಘಟಕ" ಎಂದೆ. ವೇದಿಕೆಯ ಮೇಲಿದ್ದವರು ಪಕ್ಕದವರನ್ನು ಕೇಳಿ, "ಅದು ಆಗಲೇ ಘೋಷಣೆ ಆಗೇತ್ರಿ. ಹೊಸಾದು ಏನರ ಇದ್ರ ಹೇಳ್ರಿ" ಎಂದರು. ಹೊಸದು ನನ್ನಲ್ಲಿ ಇರಲಿಲ್ಲ. ಕೂತೆ.

ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ರೈತರು ಕೂತರು. ರಟ್ಟೀಹಳ್ಳಿಯವರು. ಸಭೆಯಲ್ಲಿ ನನ್ನನ್ನು ನೋಡಿದ್ದರಂತೆ. "ಮಾಸ್ತರ್ರ, ಮಾವು ಹಚ್ಚಬೇಕಂತ ಮಾಡೇನ್ರಿ. ನಿಮಗ ಅನುಭವ ಐತಿ. ಏನಂತೀರಿ?" ಎಂದರು. ಘಟಕ ಬಂದಿಲ್ಲವೆಂದು ಹೇಳಿದೆ. "ಗಿಡಾನೂ ಹಚ್ಚಿದ ಕೂಡ್ಲೆ ಹಣ್ಣ ಬಿಡಂಗಿಲ್ಲಲ್ರಿ. ಎರಡೂ ಸಾವಕಾಶ ಬರ್ಲಿ" ಎಂದರು. ಅಷ್ಟಾದ ಮೇಲೆ ನನಗೆ ಹುರುಪು ಬಂತು. ಹಿರೇಕೆರೂರು ಬರುವವರೆಗೆ ಮಣ್ಣು, ಅಂತರ, ತಳಿ, ಬಿಸಿಲು ಎಲ್ಲದರ ಬಗ್ಗೆ ತಿಳಿಸಿಕೊಟ್ಟೆ. ಅವರು ಬಸ್ಸು ಬದಲಿಸುವ ಮುಂಚೆ ನನ್ನ ನಂಬರು ಬರೆಸಿಕೊಂಡರು.

ಮಳೆ ಹಿಡಿದ ಮೇಲೆ ಅವರ ಫೋನು ಬಂತು. ಮೊದಲ ಗಿಡ ನನ್ನ ಕೈಯಿಂದಲೇ ಆಗಬೇಕಂತೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಗುಂಡಿ ತೋಡಿ, ಅರಿಷಿಣ ಕುಂಕುಮ ಇಟ್ಟು, ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ನಾನು ಸಸಿಯನ್ನು ಗಂಭೀರವಾಗಿ ಎತ್ತಿ, ಗುಂಡಿಯಲ್ಲಿ ನೆಟ್ಟಗೆ ಇಳಿಸಿ, ಮಣ್ಣು ಎಳೆದು, ನೀರು ಹಾಕಿ, ಎದ್ದು ಕೈ ಜಾಡಿಸಿಕೊಂಡೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಯಜಮಾನರು ಮೆಲ್ಲಗೆ ಬಗ್ಗಿ, ಸಸಿಯನ್ನು ಮತ್ತೆ ಹೊರತೆಗೆದು, ಬುಡಕ್ಕೆ ಇನ್ನೂ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ಹರಿದು ತೆಗೆದು, ತಿರುಗಿ ಗುಂಡಿಗೆ ಇಟ್ಟರು. ನನ್ನ ಮುಖ ನೋಡಿದವರೇ ಸಮಾಧಾನ ಹೇಳಿದರು: "ಅಡ್ಡಿಯಿಲ್ಲ ಬಿಡ್ರಿ ಮಾಸ್ತರ್ರ. ಸರ್ಕಾರದ ಕಾರ್ಯಕ್ರಮದಾಗೂ ಹಿಂಗ ಹಚ್ಚತಾರ."