ಕಾಡಿಗೆ ಹೊರಟ ಬ್ಯಾಟರಿ

ನಿದ್ದೆ ಮಾಡಲು ಸಾಮಾನು ಬೇಕಾಗುವ ಕಾಲ ಬಂತೆಂದರೆ ಮನುಷ್ಯನ ಅರ್ಧ ಸ್ವಾತಂತ್ರ್ಯ ಹೋಯಿತೆಂದೇ ತಿಳಿಯಬೇಕು. ಬೇರೆಯವರು ಎಲ್ಲೆಂದರಲ್ಲಿ ನಿದ್ದೆ ಮಾಡುತ್ತಾರೆ. ನ್ಯೂಯಾರ್ಕಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಂಬ ಹಿಡಿದು ನಿಂತೇ ನಿದ್ದೆ ಮಾಡುವವರನ್ನು ನೋಡಿದ್ದೇನೆ. ಹತ್ತಿರದ ಊರಾದ ಎಡಿಸನ್ನಿನ ಸಂಗೀತ ಕಚೇರಿಗಳಲ್ಲಿ ಮೊದಲ ಸಾಲಿನ ಅಂಕಲ್‌ಗಳು ಆಲಾಪನೆ ಮುಗಿಯುವುದರೊಳಗೆ ನಿದ್ದೆಗೆ ಜಾರಿ, ಚಪ್ಪಾಳೆಯ ಹೊತ್ತಿಗೆ ಸರಿಯಾಗಿ ಎಚ್ಚರವಾಗಿ, ಎಲ್ಲರಿಗಿಂತ ಜೋರಾಗಿ ತಟ್ಟುತ್ತಾರೆ. ನನಗಾದರೋ ಒಂದು ಯಂತ್ರ ಬೇಕು, ಆರಡಿ ಉದ್ದದ ಕೊಳವೆ ಬೇಕು, ಮೂಗಿನ ಮೇಲೊಂದು ಮಾಸ್ಕ್ ಬೇಕು.

ಯಂತ್ರದ ಹೆಸರು ಸಿಪ್ಯಾಪ್. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಹೋಗುವವರಿಗೆ ಅದು ರಾತ್ರಿಯಿಡೀ ಮೂಗಿನೊಳಗೆ ಗಾಳಿ ತಳ್ಳುತ್ತಿರುತ್ತದೆ. ನನಗಿನ್ನೂ ಮೂವತ್ತೊಂದು. ಗೊರಕೆ ಹೊಡೆಯುವುದು ಹೊಟ್ಟೆ ಬಂದ ಹಿರಿಯರ ಹಕ್ಕು ಎಂದುಕೊಂಡಿದ್ದವನು ನಾನು. ಆದರೆ ಮದುವೆಯಾದ ಎರಡನೇ ತಿಂಗಳಲ್ಲೇ ನನ್ನ ಹೆಂಡತಿ ಚೈತ್ರ ನನ್ನನ್ನು ಡಾಕ್ಟರ ಬಳಿ ಕಳಿಸಿದಳು. ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿಕೊಂಡ ಡಾಕ್ಟರು, ಗಂಟೆಗೆ ಮೂವತ್ನಾಲ್ಕು ಸಲ ನಿನ್ನ ಉಸಿರು ನಿಲ್ಲುತ್ತದೆ ಎಂದರು. ನಾನು ಕಾಲೇಜಿನ ದಿನದಿಂದ ದಿನಚರಿ ಬರೆಯುವವನು. ಕುಡಿದ ಕಾಫಿ, ಓದಿದ ಪುಟ, ಆಫೀಸಿನ ದಾರಿಯಲ್ಲಿ ಕಳೆದ ನಿಮಿಷ, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ನನ್ನ ಬಗ್ಗೆ ನಾನೇ ಇಡದ ಲೆಕ್ಕವೊಂದನ್ನು ಬೇರೆಯವರು ಇಟ್ಟುಬಿಟ್ಟರಲ್ಲ, ಕಾಯಿಲೆಗಿಂತ ಅದೇ ಹೆಚ್ಚು ನೋವು ಕೊಟ್ಟಿತು.

ಯಂತ್ರ ಬಂದಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು. ಚೈತ್ರ ನಿದ್ದೆ ಮಾಡಿದಳು, ನಾನೂ ಮಾಡಿದೆ. ಒಂದೇ ತೊಂದರೆ. ಮೈಸೂರಿನಲ್ಲಿ ಓದುವಾಗಲೇ ಬೆಟ್ಟ ಹತ್ತಿದವಳು ಚೈತ್ರ. ಇಲ್ಲಿಗೆ ಬಂದ ಮೇಲೂ ಪ್ರತಿ ವರ್ಷ ಎಲೆಗಳು ಕೆಂಪಾಗುವ ಹೊತ್ತಿಗೆ ಗೆಳತಿಯರ ಜೊತೆ ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳಿಗೆ ಹೋಗಿ ಡೇರೆ ಹಾಕಿ ಮಲಗುತ್ತಿದ್ದಳು. ಮದುವೆಯಾದ ಮೇಲೆ ಎರಡು ಶರತ್ಕಾಲ ಹೋದವು. ಅವಳ ಹಸಿರು ಡೇರೆ ಬಟ್ಟೆಯ ಕಪಾಟಿನಲ್ಲಿ, ನನ್ನ ಸೂಟುಗಳ ಕೆಳಗೆ, ಚೀಲದಿಂದ ಹೊರಬರದೆ ಕೂತಿತ್ತು. ಕಾಡಿನಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಕರೆಂಟ್ ಇರುವ ಕ್ಯಾಂಪುಗಳೂ ಇವೆಯಲ್ಲ ಎಂದು ಒಮ್ಮೆ ಹೇಳಿದೆ. “ಅದು ಕ್ಯಾಂಪಿಂಗ್ ಅಲ್ಲ ಕಣೋ, ಛಾವಣಿ ಸೋರೋ ಬಾಡಿಗೆ ಮನೆ” ಎಂದಳು. ಆಮೇಲೆ, “ಪರವಾಗಿಲ್ಲ ಬಿಡು” ಎಂದಳು.

ಮದುವೆಯಾದ ಗಂಡಸರಿಗೆ ಈ ಪದದ ಬಗ್ಗೆ ವಿವರಿಸಬೇಕಿಲ್ಲ. ಗೆಳತಿಯರು ಹೊರಟಾಗ ಒಂದು ಪರವಾಗಿಲ್ಲ, ಅವರು ಫೋಟೋ ಕಳಿಸಿದಾಗ ಇನ್ನೊಂದು, ಕಪಾಟು ಒರೆಸುವಾಗ ಡೇರೆಯ ಚೀಲ ಕೈಗೆ ತಗುಲಿದಾಗ ಮತ್ತೊಂದು. ಹನ್ನೊಂದರವರೆಗೆ ನಾನು ಬರೆದಿಟ್ಟೆ. ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ತಣ್ಣಗಿತ್ತು. ಹನ್ನೆರಡನೆಯದಕ್ಕೆ ಕಾಯುವ ಧೈರ್ಯವಾಗದೆ ಬ್ಯಾಟರಿ ತರಿಸಿದೆ.

ನೋಡಲು ಟಿಫಿನ್ ಡಬ್ಬಿಯ ಹಾಗಿತ್ತು; ಎತ್ತಿದರೆ ರುಬ್ಬುಗುಂಡು. ಮುಖದ ಮೇಲೆ ಶೇಕಡಾ ಎಷ್ಟು ಚಾರ್ಜ್ ಉಳಿದಿದೆ ಎಂದು ಹಸಿರು ಅಂಕಿಗಳಲ್ಲಿ ತೋರಿಸುವ ಸಣ್ಣ ಪರದೆ. ಆ ಪರದೆಯೇ ನನ್ನ ಶತ್ರುವಾಗುತ್ತದೆಂದು ಆಗ ಗೊತ್ತಾಗಲಿಲ್ಲ. ಎರಡು ರಾತ್ರಿ ಆರಾಮಾಗಿ ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. “ಆಯ್ತಲ್ಲ, ಶುಕ್ರವಾರ ಹೊರಡೋಣ” ಎಂದು ಚೈತ್ರ ಡೇರೆ ಹೊರಗೆಳೆದಳು. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನು, “ಟೆಸ್ಟ್ ಮಾಡದೆ ಹೇಗೆ?” ಎಂದೆ.

ಪ್ರಿನ್ಸ್‌ಟನ್ ಹತ್ತಿರದ ಔಷಧ ಕಂಪನಿಯೊಂದರಲ್ಲಿ ವ್ಯಾಲಿಡೇಶನ್ ಮಾಡುವುದು ನನ್ನ ಕೆಲಸ. ಅಂದರೆ, ಸರಿಯಾಗಿಯೇ ಓಡುತ್ತಿರುವ ಯಂತ್ರ ನಿಜಕ್ಕೂ ಸರಿಯಾಗಿ ಓಡುತ್ತಿದೆಯೇ ಎಂದು ಅನುಮಾನಿಸಿ ಸಂಬಳ ಪಡೆಯುವುದು. ನಮ್ಮಲ್ಲಿ ಒಂದು ಪದ್ಧತಿಯಿದೆ. ಒಂದು ಸಲ ಗೆದ್ದರೆ ಅದೃಷ್ಟ, ಎರಡು ಸಲ ಗೆದ್ದರೆ ಕಾಕತಾಳೀಯ, ಸತತ ಮೂರು ಸಲ ಗೆದ್ದರೆ ಮಾತ್ರ ಸಹಿ. ನಡುವೆ ಒಮ್ಮೆ ತಪ್ಪಿದರೆ ಮತ್ತೆ ಮೊದಲಿನಿಂದ. ಬೆಚ್ಚಗಿನ ಮಲಗುವ ಕೋಣೆಯಲ್ಲಿ ಟೆಸ್ಟ್ ಮಾಡಿದರೆ ಅದು ಕಾಡಿಗೆ ಅನ್ವಯಿಸುವುದಿಲ್ಲ, ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಆದ್ದರಿಂದ ಮಾನ್ಮತ್ ಜಂಕ್ಷನ್ನಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ನಮ್ಮ ಕಾರಿನ ಹಿಂದಿನ ಸೀಟು ಮಡಚಿ, ಮಾಸ್ಕ್ ಹಾಕಿಕೊಂಡು ಮಲಗಿದೆ.

“ಯಾರಾದ್ರೂ ನೋಡಿದ್ರೆ ನಾನೇ ಆಚೆ ಹಾಕಿದೀನಿ ಅಂದ್ಕೋತಾರೆ” ಎಂದಳು ಚೈತ್ರ.

“ಈ ಚಳೀಲಿ ಯಾರು ನೋಡ್ತಾರೆ?” ಎಂದೆ.

ಮೊದಲ ರಾತ್ರಿ ಗೆದ್ದಿತು. ಎರಡನೆಯ ರಾತ್ರಿ ಗಂಟಲು ಒಣಗುತ್ತದೆಂದು ಯಂತ್ರದ ನೀರು ಬಿಸಿ ಮಾಡುವ ಭಾಗವನ್ನು ಹಾಕಿಕೊಂಡೆ. ಅದು ಬ್ಯಾಟರಿಯನ್ನು ಪಾನಕ ಕುಡಿದ ಹಾಗೆ ಕುಡಿದು ಮುಗಿಸಿ, ಬೆಳಕು ಹರಿಯುವ ಮೊದಲೇ ನನ್ನನ್ನು ಕೈಬಿಟ್ಟಿತು. ಅಂದಮೇಲೆ, ಆ ಭಾಗ ಕಳಚಿಟ್ಟು, ಮತ್ತೆ ಮೊದಲಿನಿಂದ ಮೂರು. ಶುಕ್ರವಾರ ಬಂತು, ಹೋಯಿತು. ಮಡಚಿಟ್ಟ ಡೇರೆಯನ್ನು ಚೈತ್ರ ಬಾಗಿಲ ಪಕ್ಕದಲ್ಲಿ ಇಟ್ಟಿದ್ದಳು. ಅದನ್ನು ದಾಟಿಕೊಂಡು ನಾನು ದಿಂಬು ಹಿಡಿದು ಕಾರಿಗೆ ಹೋಗುತ್ತಿದ್ದೆ.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಯಾರೋ ಗಾಜು ತಟ್ಟಿದರು. ಕಣ್ಣು ಬಿಟ್ಟರೆ ಪಕ್ಕದ ಬ್ಲಾಕಿನ ವಿಮಲಾ ಆಂಟಿ. ಧಾರವಾಡದವರು, ಮಂಜಾದರೂ ಹಿಮವಾದರೂ ಬೆಳಗಿನ ವಾಕಿಂಗ್ ತಪ್ಪಿಸುವವರಲ್ಲ. ಮೂಗಿನಿಂದ ಕೊಳವೆ ಇಳಿಬಿಟ್ಟುಕೊಂಡು ಗಾಜು ಇಳಿಸಿದೆ.

“ಏನಪಾ ಇದು, ನಾಕ್ ದಿವಸದಿಂದ ನೋಡ್ಲಿಕ್ಕತ್ತೇನಿ! ಮನ್ಯಾಗ ಏನರ ಆಗೇದೇನು?”

ಮಾಸ್ಕ್ ಹಾಕಿಕೊಂಡು ಮಾತಾಡಿದರೆ ಬಾಯಿಯಿಂದ ಗಾಳಿ ಬುಸ್ಸೆಂದು ಹೊರಗೆ ಬರುತ್ತದೆ. ನಾನು ಬುಸುಗುಟ್ಟಿದ್ದನ್ನು ಅವರು ಬಿಕ್ಕಳಿಕೆ ಎಂದುಕೊಂಡರು. “ಅಳಬ್ಯಾಡಪಾ. ಎಲ್ಲಾರ ಮನ್ಯಾಗೂ ಇರ್ತದ” ಎಂದು ಗಾಜಿನೊಳಗೆ ಕೈ ಹಾಕಿ ನನ್ನ ತಲೆ ಸವರಿ ಹೋದರು.

ಅಂದು ನಾನು ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವುದರೊಳಗೆ ಮೈಸೂರಿನಿಂದ ಅತ್ತೆಯ ಫೋನ್ ಬಂತು. ವಿಮಲಾ ಆಂಟಿಯಿಂದ ಮೈಸೂರಿಗೆ ಸುದ್ದಿ ಯಾವ ದಾರಿಯಿಂದ ಹೋಯಿತೆಂದು ನಾನು ಕಂಡುಹಿಡಿಯಲಾರೆ. ಅತ್ತೆ ಬಯ್ಯಲಿಲ್ಲ, ಕಾರಣವನ್ನೂ ಕೇಳಲಿಲ್ಲ. “ಕಾರಲ್ಲಿ ಹೀಟರ್ ಇದೆಯೇನಪ್ಪಾ?” ಎಂದರು. ಮಗಳು ತನ್ನ ನಿರ್ಧಾರ ಬದಲಿಸುವವಳಲ್ಲ ಎಂಬ ಇಪ್ಪತ್ತೊಂಬತ್ತು ವರ್ಷದ ಅನುಭವ ಆ ದನಿಯಲ್ಲಿತ್ತು.

ಸಂಜೆ ಆಂಟಿ ಸ್ವತಃ ಬಿಸಿಬೇಳೆಬಾತ್ ಹಿಡಿದು ಬಂದರು. ನನ್ನ ಮೂಗಿನ ಕೊಳವೆ ಏಕೆಂದು ಅಷ್ಟರಲ್ಲಿ ಊಹಿಸಿಕೊಂಡಿದ್ದ ಅವರು ಸೋಫಾದ ಮೇಲೆ ಕೂತು ಚೈತ್ರಳ ಕೈ ಹಿಡಿದುಕೊಂಡು, “ನೋಡವಾ, ನಮ್ಮನಿಯವ್ರೂ ಗೊರಕಿ ಹೊಡೀತಾರ. ಹಂಗಂತ ನಾ ಅವ್ರನ್ನ ಕಾರಿಗೆ ಕಳಿಸಿಲ್ಲ. ನಾನ ಬ್ಯಾರೆ ರೂಮಿಗೆ ಹೋಗೇನಿ” ಎಂದರು. ನಾನು ಬ್ಯಾಟರಿ ತಂದು ತೋರಿಸಿದೆ, ಚಳಿಯ ಪರಿಣಾಮ ವಿವರಿಸಿದೆ, ಸತತ ಮೂರರ ಪದ್ಧತಿ ಹೇಳಿದೆ. ಆಂಟಿ ಎಲ್ಲವನ್ನೂ ಕೇಳಿದರು. ಕೊನೆಗೆ ಚೈತ್ರಳ ಕಡೆ ತಿರುಗಿ, ಮೊದಲಿಗಿಂತ ಹೆಚ್ಚಿನ ಮರುಕದಿಂದ, “ಇವ ಮೊದಲಿಂದ ಹಿಂಗ ಇದ್ದಾನೇನು?” ಎಂದರು.

ಆಂಟಿ ಇರುವವರೆಗೂ ಚೈತ್ರ ನಗುತ್ತಲೇ ಇದ್ದಳು. ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ, “ಪರವಾಗಿಲ್ಲ ಬಿಡು. ಎಲೆ ಎಲ್ಲಾ ಉದುರ್ತಾ ಇದೆ. ಮುಂದಿನ ವರ್ಷ ನಾನು ಫ್ರೆಂಡ್ಸ್ ಜೊತೆ ಹೋಗ್ತೀನಿ, ನೀನು ಮನೇಲಿ ಆರಾಮಾಗಿ ಮಲ್ಕೊ” ಎಂದಳು.

ಹನ್ನೆರಡನೆಯದು. ಅದರಲ್ಲಿ ಕೋಪವೇ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮೂರು ಪರೀಕ್ಷೆ ಮುಗಿದಿದೆ, ಸಹಿ ಬಿದ್ದಿದೆ, ನಾಳೆಯೇ ಹೊರಡೋಣ ಎಂದುಬಿಟ್ಟೆ.

ಬೆಟ್ಟ ತಲುಪಿದ ಮೇಲೆ ಡೇರೆ ಹಾಕುವ ಕೆಲಸ ಚೈತ್ರಳದ್ದು, ಬ್ಯಾಟರಿಗೆ ಹಾಸಿಗೆ ಹಾಸುವ ಕೆಲಸ ನನ್ನದು. ತಣ್ಣಗಾಗಬಾರದೆಂದು ಅದನ್ನು ನನ್ನ ಮಲಗುವ ಚೀಲದೊಳಗೇ ಇಟ್ಟುಕೊಂಡೆ. ಅವಳು ನಕ್ಷತ್ರ ತೋರಿಸಿದಾಗ ನಾನು ಹೂಂ ಎಂದದ್ದು ಚೀಲದ ಒಳಗಿನಿಂದ. ನೂರು ಇದ್ದದ್ದು ಬೇಗ ತೊಂಬತ್ತೇಳಾಯಿತು. ಇಷ್ಟು ಬೇಗ ಏಕಾಯಿತು? ಮಗ್ಗುಲಾದೆ. ತೊಂಬತ್ತಮೂರು. ಕಣ್ಣು ಮುಚ್ಚಿ ಭಾಗಿಸಿದೆ, ಗುಣಿಸಿದೆ, ನಾಳೆಗೆ ಸಾಲದೇನೋ ಎನಿಸಿತು. ಮತ್ತೆ ನೋಡಿದೆ. ಹೊರಗೆ ಎಲ್ಲೋ ಗೂಬೆ ಕೂಗಿತು, ಎಂಬತ್ತಾರರಲ್ಲಿ. ನನ್ನ ಆ ರಾತ್ರಿಯ ನೆನಪುಗಳಿಗೆಲ್ಲ ಗಂಟೆಯ ಬದಲು ಶೇಕಡಾ ಇದೆ. ಹಕ್ಕಿಗಳು ಎದ್ದದ್ದು ಐವತ್ತೈದರಲ್ಲಿ, ನಾನು ಮಾಸ್ಕ್ ಕಳಚಿದ್ದು ಐವತ್ತೊಂದರಲ್ಲಿ. ಒಂದು ಸೆಕೆಂಡೂ ನಿದ್ದೆಯಿಲ್ಲ. ಯಂತ್ರದ ಆಪ್ ಮಾತ್ರ ಫೋನಿನಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟು ಅಭಿನಂದಿಸಿತ್ತು. ಅದನ್ನೇ ಚೈತ್ರಳಿಗೆ ತೋರಿಸಿದೆ.

“ಹೌದಾ? ಹಾಗಾದ್ರೆ ರಾತ್ರಿಯೆಲ್ಲಾ ಹಸಿರು ಲೈಟ್ ಹಾಕ್ಕೊಂಡು ಕೂತಿದ್ದೋರು ಯಾರು, ಕರಡಿನಾ?” ಎಂದಳು. ಆಮೇಲೆ ಒಲೆಯ ಮೇಲಿನ ಕಾಫಿ ಇಳಿಸಿ, “ನಾನು ನಿನ್ನ ಜೊತೆ ಬಂದೆ ಕಣೋ. ನೀನು ಅದರ ಜೊತೆ ಬಂದಿದೀಯ” ಎಂದಳು.

ತೊಂಬತ್ತೆಂಟು ಅಂಕದ ಫೋನನ್ನು ಜೇಬಿಗೆ ಹಾಕಿಕೊಂಡೆ.

ಆ ದಿನ ಎರಡು ಬೆಟ್ಟ ಹತ್ತಿಳಿದೆವು. ನಾನು ತೂಕಡಿಸುತ್ತಲೇ ನಡೆದೆ. ಸಂಜೆ ಚೈತ್ರ ಬ್ಯಾಟರಿಯನ್ನು ಎತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು, ಪರದೆ ತನ್ನ ಕಡೆಗೆ. ಅದರ ಮೇಲೊಂದು ಸ್ವೆಟರ್ ಬೇರೆ.

“ಇವತ್ತು ಇದರ ಉಸಾಬರಿ ನನ್ನದು. ಮಾಸ್ಕ್ ಹಾಕ್ಕೊ, ಮಲ್ಕೊ.”

“ಇಪ್ಪತ್ತಕ್ಕೆ ಬಂದ್ರೆ ಎಬ್ಬಿಸ್ತೀಯಾ?”

“ಮಲ್ಕೊ.”

“ಹತ್ತಕ್ಕಾದ್ರೂ?”

ಅವಳು ಮಾಸ್ಕಿನ ಪಟ್ಟಿ ಎಳೆದು ಬಿಗಿದಳು. ಅಷ್ಟೇ ನನಗೆ ಗೊತ್ತಿರುವುದು. ಎಚ್ಚರವಾದಾಗ ಡೇರೆಯ ಹಸಿರು ಬಟ್ಟೆಯ ಮೂಲಕ ಬಿಸಿಲು ಬಿದ್ದಿತ್ತು, ಏಳು ಗಂಟೆಯಾಗಿತ್ತು, ಮಾಸ್ಕ್ ನನ್ನ ಮುಖದ ಮೇಲಿರಲಿಲ್ಲ. ಚೈತ್ರ ಹೊರಗೆ ಕೂತು ಕಾಫಿ ಕುಡಿಯುತ್ತಿದ್ದಳು. ಬ್ಯಾಟರಿ ಆಗಲೇ ಕಾರಿನ ಡಿಕ್ಕಿ ಸೇರಿತ್ತು. ಮನೆ ತಲುಪಿದ ಕೂಡಲೇ, ನಾನು ಚೀಲಗಳನ್ನು ಹೊತ್ತು ತರುವುದರೊಳಗೆ, ಅದನ್ನು ಚಾರ್ಜಿಗೆ ಹಾಕಿ ಸಾಕ್ಷ್ಯ ನಾಶ ಮಾಡಿದ್ದಳು.

ಯಂತ್ರ ಆರರವರೆಗೆ ಓಡಿದೆ ಎನ್ನುತ್ತದೆ ಆಪ್. ಆರಕ್ಕೆ ಅವಳೇ ನಿಲ್ಲಿಸಿದಳೋ, ಬ್ಯಾಟರಿಯೇ ಸತ್ತಿತೋ? ಎಷ್ಟು ಉಳಿದಿತ್ತು? ಕೊನೆಯ ಒಂದು ಗಂಟೆ ನಾನು ಗೊರಕೆ ಹೊಡೆದೆನೋ? ಅಡುಗೆಮನೆಯಲ್ಲಿ ಕೇಳಿದ್ದೇನೆ, ಕಾರಿನಲ್ಲಿ ಕೇಳಿದ್ದೇನೆ, ಅವಳು ಆಫೀಸಿನ ಮೀಟಿಂಗಿನಲ್ಲಿದ್ದಾಗ ಮೆಸೇಜು ಮಾಡಿ ಕೇಳಿದ್ದೇನೆ. ನನ್ನ ದಿನಚರಿಯಲ್ಲಿ ಆ ದಿನದ ಸಾಲಿನಲ್ಲಿ ಒಂದು ಮನೆ ಖಾಲಿ ಉಳಿದು ನನ್ನನ್ನು ದಿನವೂ ಚುಚ್ಚುತ್ತಿದೆ.

“ಹೇಳೋದಕ್ಕೇನು ಕಷ್ಟ ನಿನಗೆ?” ಎಂದು ನಿನ್ನೆ ರೇಗಿದೆ.

“ಹೇಳಿದ್ರೆ ನೀನು ಇನ್ನೂ ದೊಡ್ಡ ಬ್ಯಾಟರಿ ತಂದು ಮತ್ತೆ ಕಾರಲ್ಲಿ ಮಲಗ್ತೀಯ” ಎಂದಳು, ಪುಸ್ತಕದಿಂದ ತಲೆಯೆತ್ತದೆ. “ಹೇಳದಿದ್ರೆ ನನ್ನನ್ನ ಮತ್ತೆ ಕರ್ಕೊಂಡು ಹೋಗ್ತೀಯ.”

ಆ ಖಾಲಿ ಮನೆ ತುಂಬಲು ಉಳಿದದ್ದು ಒಂದೇ ದಾರಿ. ಎಲೆಗಳೆಲ್ಲ ಉದುರಿಹೋಗಿವೆ, ಚಳಿ ಜಾಸ್ತಿಯಾಗಿದೆ, ಆದರೂ ಬರುವ ಶುಕ್ರವಾರಕ್ಕೆ ಅದೇ ಬೆಟ್ಟದಲ್ಲಿ ಅದೇ ಜಾಗ ಕಾದಿರಿಸಿದ್ದೇನೆ. ನಿನ್ನ ಖುಷಿಗಾಗಿ ಎಂದು ಅವಳಿಗೆ ಹೇಳಿದ್ದೇನೆ. ಅವಳೂ ನಂಬಿದ ಹಾಗೆ ಮಾಡಿದ್ದಾಳೆ.