ಹನ್ನೊಂದು ಗಂಟೆಯ ಕೂಸು

ಕ್ಲೆಮೆಂಟ್ ನೊವಾಕನ ಅಂದಿನ ಫಜೀತಿಗೆಲ್ಲ ಮೂಲ ಅವನೇ ಕೈಯಾರೆ ಬರೆದ ಒಂದು ಸಾಲು. ಗರ್ಭದಲ್ಲಿರುವ ಶಿಶುವಿಗೂ ಬದುಕುವ ಹಕ್ಕಿದೆ ಎಂದು ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಚಾರ ಮಾಡುವ ವಿದ್ಯಾರ್ಥಿ ಸಂಘಕ್ಕೆ ಅವನು ಸ್ವಯಂಸೇವಕ. ಬುಧವಾರ ಬಂತೆಂದರೆ ಗ್ರಂಥಾಲಯದ ಮುಂದಿನ ಹುಲ್ಲುಹಾಸಿನ ಅಂಚಿಗೆ ಮೇಜು ಹಾಕಿ, ಕರಪತ್ರ, ಡೈಪರ್ ಕಟ್ಟು, ಬಸುರಿಯರಿಗೆ ನೆರವು ಸಿಗುವ ಕಡೆಯ ಫೋನ್ ನಂಬರು ಎಲ್ಲ ಜೋಡಿಸಿಟ್ಟು ಕೂರುತ್ತಿದ್ದ. ಕೂರುತ್ತಿದ್ದನೇ ಹೊರತು ಮಾತಾಡುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಸಾಕು, ನಾಲಿಗೆ ತೊಯ್ದ ಕಾಗದದ ಹಾಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

"ಮಾತಾಡೋಕೆ ಬರದಿದ್ರೆ ಬರೆದಾದ್ರೂ ಹಾಕೋ ಮಹರಾಯ" ಎಂದಿದ್ದಳು ಸಂಘದ ಅಧ್ಯಕ್ಷೆ ಬರ್ನಡೆಟ್. ಅದಕ್ಕೇ ಅವನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನಿಲ್ಲಿಸಿದ್ದ: ‘ತಾಯಂದಿರೇ, ಹೆರಿಗೆಯಾದ ಮೇಲೂ ನಿಮ್ಮ ಜೊತೆಗಿದ್ದೇವೆ. ಕೇಳಿ ನೋಡಿ.’

ಹತ್ತು ಹೆಜ್ಜೆ ಆಚೆಗೆ ಎದುರು ಪಕ್ಷದ ಮೇಜು. ಹೆರುವುದು ಬಿಡುವುದು ಹೆಣ್ಣಿನ ಇಷ್ಟ ಎನ್ನುವವರದು. ಅಲ್ಲಿ ಕೂರುವವಳು ಟೆಸ್ಸಾ. ಇವನು ಆಡದ ಮಾತನ್ನೆಲ್ಲ ದೇವರು ಅವಳ ಬಾಯಲ್ಲಿ ಇಟ್ಟಿದ್ದ. ಎರಡು ಪಕ್ಷಕ್ಕೂ ಸದಾ ಜಗಳ, ಆದರೆ ಗಾಳಿ ಬೀಸಿದಾಗ ಕರಪತ್ರದ ಮೇಲೆ ಹೇರಲು ಕಲ್ಲು ಬೇಕಾದರೆ ಅವಳಿಂದ ಇವನಿಗೆ, ಇವನಿಂದ ಅವಳಿಗೆ.

ಆ ಬುಧವಾರ ಹನ್ನೊಂದಕ್ಕೆ ಕ್ಲೆಮೆಂಟನಿಗೆ ಶರೀರಶಾಸ್ತ್ರದ ಮರುಪರೀಕ್ಷೆ. ಜನವರಿಯಲ್ಲಿ ಸಂಘದವರ ಬಸ್ಸು ಹತ್ತಿ ರಾಜಧಾನಿಯ ಮೆರವಣಿಗೆಗೆ ಹೋಗಿ ಮೊದಲ ಪರೀಕ್ಷೆ ತಪ್ಪಿಸಿಕೊಂಡಿದ್ದ. ಮೂರು ಸಲ ಕಾಲಿಗೆ ಬಿದ್ದಂತೆ ಬೇಡಿಕೊಂಡ ಮೇಲೆ ಪ್ರೊಫೆಸರು, "ನಿನ್ನೊಬ್ಬನಿಗೋಸ್ಕರ ಏರ್ಪಾಡು ಮಾಡಿಸ್ತೀನಿ. ಇದೊಂದೇ ಸಲ" ಎಂದಿದ್ದರು. ಇದು ಕೈತಪ್ಪಿದರೆ ಈ ವರ್ಷದ ನರ್ಸಿಂಗ್ ಸೀಟು ಹೋದ ಹಾಗೇ.

ಹತ್ತೂ ಮುಕ್ಕಾಲಿಗೆ ಅವನು ಮೇಜು ಮಡಿಸಲು ಎದ್ದ. ಆಗ ಒಬ್ಬ ಹೆಂಗಸು ಎಂಟು ತಿಂಗಳ ಮಗುವನ್ನು ಸೊಂಟಕ್ಕಿಟ್ಟುಕೊಂಡು ಏದುಸಿರು ಬಿಡುತ್ತ ಬಂದಳು. ರಟ್ಟನ್ನು ಓದಿದಳು. ಇವನ ಮುಖ ನೋಡಿದಳು.

"ಭಾನುವಾರ ಚರ್ಚಿನ ಪೂಜೇಲಿ ಗಂಟೆ ಬಾರಿಸೋನು ನೀನೇ ಅಲ್ವಾ ತಮ್ಮ? ಸದ್ಯ, ಗುರುತಿನವನು. ಇವನನ್ನ ಐದೇ ನಿಮಿಷ ಹಿಡ್ಕೊ. ನನ್ನ ಚಿಕ್ಕಮ್ಮ ಗ್ರಂಥಾಲಯದ ಹತ್ರ ಬಂದು ಕರ್ಕೊಂಡು ಹೋಗ್ತಾರೆ."

"ಅಕ್ಕಾ, ನಂಗೆ ಹನ್ನೊಂದಕ್ಕೆ..."

"ನಂಗೂ ಹನ್ನೊಂದಕ್ಕೇ ಕಣಪ್ಪ. ಅದಕ್ಕೇ ಅವಸರ."

ಮಗು ಇವನ ತೋಳಿಗೆ ಬಂತು, ಚೀಲ ಹೆಗಲಿಗೆ ಬಂತು, ಅವಳು ಮೂಲೆ ತಿರುಗಿ ಹೋಗಿಯೂ ಆಯಿತು.

ಐದು ನಿಮಿಷವಾಯಿತು, ಹತ್ತಾಯಿತು. ಚಿಕ್ಕಮ್ಮನ ಸುಳಿವಿಲ್ಲ. ಗಡಿಯಾರದ ಗೋಪುರ ಹನ್ನೊಂದು ಹೊಡೆಯಿತು. ಒಂದೊಂದು ಹೊಡೆತವೂ ಕ್ಲೆಮೆಂಟನ ನೆತ್ತಿಯ ಮೇಲೆ ಬಿದ್ದಂತಿತ್ತು.

"ಟೆಸ್ಸಾ, ಸ್ವಲ್ಪ ಹೊತ್ತು ಇವನನ್ನ ನೋಡ್ಕೊತೀಯಾ? ನಂಗೆ ಪರೀಕ್ಷೆ."

"ಜೊತೆಗಿದ್ದೇವೆ ಅಂತ ಬರ್ಕೊಂಡಿರೋನು ನೀನು. ನಾನಲ್ಲ" ಎಂದಳು ಟೆಸ್ಸಾ. ಆದರೂ ಎದ್ದು ಬಂದು ಕೈಚಾಚಿದಳು. ಮಗು ಅವಳನ್ನು ನೋಡಿದ್ದೇ ತಡ, ಕುಕ್ಕರಿನ ಸೀಟಿಯಂತೆ ಕೂಗಿತು. ಕ್ಲೆಮೆಂಟನ ಹೆಗಲಿಗೆ ಬಂದರೆ ಗಪ್‌ಚಿಪ್. ಹಾದುಹೋಗುತ್ತಿದ್ದ ಇಬ್ಬರು ಹುಡುಗಿಯರು ಪ್ರಯತ್ನಿಸಿದರು. ಅದೇ ಸೀಟಿ.

"ತಲೆಗೆ ಕೈ ಕೊಡೋ." "ಬೆನ್ನು ತಟ್ಟೋ." "ಹಸಿವಾಗಿರಬೇಕು ಕಣೋ." ಎರಡೂ ಪಕ್ಷದವರು ಅವನ ಸುತ್ತ ಗುಂಪಾದರು. ವರ್ಷವಿಡೀ ಯಾವ ವಿಚಾರಕ್ಕೂ ಒಮ್ಮತಕ್ಕೆ ಬಾರದವರು, ಇವನಿಗೆ ಮಗು ಎತ್ತಿಕೊಳ್ಳಲು ಬರುವುದಿಲ್ಲ ಎಂಬಲ್ಲಿ ಒಂದಾದರು.

ಹನ್ನೊಂದು ಗಂಟೆ ಹತ್ತು ನಿಮಿಷ. ಕಾಲು ಗಂಟೆಗಿಂತ ತಡವಾಗಿ ಬಂದವರನ್ನು ಪರೀಕ್ಷೆಗೆ ಬಿಡುವುದಿಲ್ಲ. ಕ್ಲೆಮೆಂಟ್ ಮನಸ್ಸಿನಲ್ಲೇ ಮಾತೆ ಮರಿಯಳನ್ನು ನೆನೆದು, ಮಗುವನ್ನು ಎದೆಗವಚಿಕೊಂಡು ಓಡಿದ.

ಓಡುವಾಗ ಕುಲುಕಿದ್ದಕ್ಕೆ ಮಗು ಇವನ ಮೇಲೂ ಸೀಟಿ ಹೊಡೆಯಿತು. ಕಿರುಚುವ ಕೂಸನ್ನು ಹೊತ್ತು ಓಡುವ ಪಡ್ಡೆ ಹುಡುಗನನ್ನು ನೋಡಿ ಯಾವ ಪೊಲೀಸು ಸುಮ್ಮನಿದ್ದಾನು? ಆವರಣದ ಪೊಲೀಸು ಲುಂಡ್ ಅಡ್ಡ ನಿಂತ.

"ನಿಲ್ಲಪ್ಪ. ಯಾರ ಮಗು ಇದು?"

"ಒಬ್ಬ ಅಕ್ಕಂದು ಸಾರ್."

"ಅಕ್ಕನ ಹೆಸರು?"

"ಗೊತ್ತಿಲ್ಲ."

"ಮಗು ಹೆಸರು?"

"ಅದೂ ಗೊತ್ತಿಲ್ಲ."

"ನಿನ್ನ ಹೆಸರಾದ್ರೂ ಗೊತ್ತಾ?"

ಹಿಂದೆಯೇ ಓಡಿ ಬಂದ ಟೆಸ್ಸಾ ಸಾಕ್ಷಿ ಹೇಳಿದಳು. "ಇವನು ಕಳ್ಳ ಅಲ್ಲ ಸಾರ್, ನಮ್ಮ ಎದುರು ಮೇಜಿನವನು. ತಲೇಲಿರೋದೆಲ್ಲ ತಪ್ಪು ವಿಚಾರ. ಮನುಷ್ಯ ಒಳ್ಳೆಯವನು."

"ಒಳ್ಳೆಯವನಾದ್ರೆ ಕೂತ್ಕೊಳ್ಳಲಿ, ತಾಯಿ ಬರೋವರೆಗೆ" ಎಂದು ಲುಂಡ್ ಇಬ್ಬರನ್ನೂ ಮೇಜಿನ ಹತ್ತಿರಕ್ಕೇ ಕರೆತಂದು ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತ. ಕಾಲು ಗಂಟೆ ದಾಟಿತು. ಕ್ಲೆಮೆಂಟ್ ಗೋಪುರದ ಕಡೆ ನೋಡುವುದನ್ನು ಬಿಟ್ಟ. ಚೀಲದಲ್ಲಿದ್ದ ಬಾಟಲಿಯ ಹಾಲು ಕುಡಿಸಿದ. ಟೆಸ್ಸಾ ಮೂಗು ಮುಚ್ಚಿಕೊಂಡು ಹೇಳಿಕೊಟ್ಟ ಪ್ರಕಾರ ಡೈಪರ್ ಬದಲಿಸಿದ, ಮೊದಲು ಹಿಂದುಮುಂದಾಗಿ, ಆಮೇಲೆ ಸರಿಯಾಗಿ. ಮಗು ಅವನ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಯಿತು. ಕೈತಪ್ಪಿದ ನರ್ಸಿಂಗ್ ಸೀಟಿನ ಸಂಕಟದ ನಡುವೆಯೂ, ಆ ಬೆಚ್ಚನೆಯ ಉಸಿರು ಕುತ್ತಿಗೆಗೆ ತಾಗಿದಾಗ ಅವನಿಗೆ ಪ್ರಾರ್ಥನೆಯಲ್ಲಿ ಕೂತಷ್ಟು ಸಮಾಧಾನವಾಯಿತು.

ಹನ್ನೆರಡು ಹೊಡೆದು ಐದು ನಿಮಿಷಕ್ಕೆ ತಾಯಿ ಬಂದಳು, ಜೊತೆಗೆ ಚಿಕ್ಕಮ್ಮ. ಚಿಕ್ಕಮ್ಮ ಆವರಣದ ಆಚೆ ತುದಿಯಲ್ಲಿರುವ ಇನ್ನೊಂದು ಗ್ರಂಥಾಲಯದ ಮುಂದೆ ಒಂದು ಗಂಟೆ ನಿಂತಿದ್ದರಂತೆ. ಮಗು ಕಣ್ಣು ಬಿಟ್ಟು ತಾಯಿಯನ್ನು ಕಂಡು ನಕ್ಕದ್ದೇ ಲುಂಡ್‌ಗೆ ದಾಖಲೆಯಾಯಿತು. ಅವನು ಟೋಪಿ ಸರಿಮಾಡಿಕೊಂಡು ಹೊರಟ.

"ನಿನ್ನ ಋಣ ಹೇಗೆ ತೀರಿಸಲಿ ತಮ್ಮ" ಎಂದಳು ತಾಯಿ. "ನಾನಿಲ್ಲಿ ಸಹಾಯಕ ಅಧ್ಯಾಪಕಿ. ಯಾವನೋ ಒಬ್ಬನ ಮರುಪರೀಕ್ಷೆ ಕಾಯೋಕೆ ಅಂತ ಮಗು ಬಿಟ್ಟು ಓಡಿದ್ದು. ಒಬ್ಬನೇ ಒಬ್ಬ. ಅವನೂ ಬರಲಿಲ್ಲ ನೋಡು. ಖಾಲಿ ಕೋಣೇಲಿ ಒಂದು ಗಂಟೆ ಗೋಡೆ ನೋಡ್ಕೊಂಡು ಕೂತಿದ್ದೆ."

ಕ್ಲೆಮೆಂಟನ ನಾಲಿಗೆ ಅಂಗುಳಿಗೆ ಅಂಟಿತು.

"ಗೈರುಹಾಜರಿ ಅಂತ ವರದಿ ಕಳಿಸಿದೆ. ಪ್ರೊಫೆಸರ್ ಉತ್ತರವೂ ಬಂತು, ಇನ್ನು ಅವಕಾಶ ಇಲ್ಲ ಅಂತ. ಅದಿರಲಿ, ನಿನ್ನ ಹೆಸರೇ ಕೇಳಲಿಲ್ಲವಲ್ಲ?"

ಟೆಸ್ಸಾ ಸುಮ್ಮನಿರುವವಳಲ್ಲ. "ಕ್ಲೆಮೆಂಟ್ ನೊವಾಕ್" ಎಂದಳು, ಮೊದಲ ಸಲ ಹೆಮ್ಮೆಯಿಂದ.

ತಾಯಿಯ ಮುಖದ ನಗು ಅಲ್ಲೇ ನಿಂತಿತು. ಅವಳು ತಗ್ಗಿದ ದನಿಯಲ್ಲಿ, "ಗೈರಾದದ್ದಕ್ಕೆ ಕಾರಣ ಏನಿರಬಹುದು ಅಂತ ಬರೆಯೋಕೆ ಆ ವರದೀಲಿ ಒಂದು ಜಾಗ ಇತ್ತು" ಎಂದಳು.

"ಏನು ಬರೆದ್ರಿ ಅಕ್ಕಾ?"

ಅವಳು ಮಗುವಿನ ಮುಷ್ಟಿಯನ್ನು ಅವನ ಕಾಲರಿನಿಂದ ಒಂದೊಂದೇ ಬೆರಳಾಗಿ ಬಿಡಿಸುತ್ತ ಹೇಳಿದಳು:

"ಜವಾಬ್ದಾರಿ ಇಲ್ಲದ ಹುಡುಗ ಅಂತ."